ಮೊನೆಯ ಬಣವೆ ಚಿತ್ರಗಳಲ್ಲಿ ನೆರಳು ನೀಲಿ ಯಾಕೆ? ರೈತರು ಎಲ್ಲಿ?

ಬಣ್ಣದಡಬ್ಬಿ:
ಫ್ರೆಂಚ್ ಚಿತ್ರಕಾರ ಕ್ಲೋದ್ ಮೊನೆ 1890–91ರಲ್ಲಿ ಬರೆದ ಬಣವೆ ಚಿತ್ರಗಳನ್ನು ನೆಟ್‌ನಲ್ಲಿ ನೋಡ್ತಾ ಕೂತಿದ್ದೆ. ಸುಮಾರು 25 ಇವೆಯಂತೆ. ಎರಡು ಅನುಮಾನ. ನೆರಳೆಲ್ಲ ನೀಲಿ, ನೇರಳೆ ಇದೆ, ಅದು ಸುಮ್ನೆ ಚೆಂದಕ್ಕಾ? ಇನ್ನೊಂದು, ಹಳ್ಳಿಯ ಚಿತ್ರ ಅಂತಾರೆ, ಆದ್ರೆ ಹೊಲದಲ್ಲಿ ಒಬ್ಬ ಆಳೂ ಕಾಣಲ್ಲ.

ಕಿಟಕಿಪಕ್ಕ:
ಚೆಂದಕ್ಕಲ್ಲ. ನೆರಳಿರುವ ಜಾಗಕ್ಕೆ ಬಿಸಿಲು ತಾಗದಿದ್ದರೂ ಆಕಾಶದ ಬೆಳಕು ಬೀಳುತ್ತಲೇ ಇರುತ್ತದೆ, ಅದು ನೀಲಿ. ಪಕ್ಕದಲ್ಲೇ ಹಳದಿ ಬಿಸಿಲಿದ್ದರೆ ಕಣ್ಣಿಗೆ ಆ ನೀಲಿ ಇನ್ನೂ ಜಾಸ್ತಿ ಕಾಣುತ್ತದೆ. ಹಿಮ ಬಿದ್ದರಂತೂ ಕೇಳೋದೇ ಬೇಡ. ಮೊನೆಯದೇ 'ಮ್ಯಾಗ್‌ಪೈ' ಅನ್ನೋ ಚಿತ್ರ ನೋಡಿ, ಹಿಮದ ಮೇಲೆ ಬೇಲಿಯ ನೆರಳು ನೀಲಿ ಪಟ್ಟಿಯ ಹಾಗೆ ಬಿದ್ದಿದೆ. 1869ರಲ್ಲಿ ಪ್ಯಾರಿಸ್‌ನ ಅಧಿಕೃತ ಚಿತ್ರಪ್ರದರ್ಶನ 'ಸಲೋನ್' ಅದನ್ನು ಬೇಡ ಅಂತ ವಾಪಸ್ ಕಳಿಸಿತ್ತು!

ಹೊಲದಂಚು:
ಒಂದು ವಿಷಯ ಸೇರಿಸ್ತೀನಿ. ಆ ಬಣವೆಗಳು ದನಕ್ಕೆ ಹಾಕುವ ಹುಲ್ಲಲ್ಲ, ತೆನೆ ಸಮೇತ ಒಟ್ಟಿದ ಗೋಧಿ. 15–20 ಅಡಿ ಎತ್ತರ, ಮಳೆಗೆ ನೆನೆಯದ ಹಾಗೆ ಮೇಲೊಂದು ಹುಲ್ಲಿನ ಹೊದಿಕೆ. ಒಕ್ಕಣೆ ಯಂತ್ರ ಊರಿಂದೂರಿಗೆ ತಿರುಗುತ್ತಿತ್ತು, ತಮ್ಮ ಸರದಿ ಬರುವ ತನಕ ರೈತರು ಕಾಯಬೇಕು, ಹಾಗಾಗಿ ಬಣವೆ ತಿಂಗಳುಗಟ್ಟಲೆ ಹೊಲದಲ್ಲೇ ನಿಲ್ಲುತ್ತಿತ್ತು. ತಾನಿದ್ದ ಜಿವೆರ್ನಿ ಹಳ್ಳಿಯಲ್ಲಿ ಮನೆ ಹತ್ತಿರದ ಹೊಲದಲ್ಲೇ ಮೊನೆಗೆ ಬೇಸಿಗೆ ಮುಗಿದಾಗಿನಿಂದ ಹಿಮ ಬೀಳುವವರೆಗಿನ ಬೆಳಕೆಲ್ಲ ಸಿಕ್ಕಿದ್ದು ಹೀಗೆ. ಬೆಳಕು ತಿರುಗಿದ ತಕ್ಷಣ ಕೈಲಿದ್ದ ಕ್ಯಾನ್ವಾಸ್ ಬಿಟ್ಟು ಇನ್ನೊಂದು ಹಿಡಿಯುತ್ತಿದ್ದ. ಪಾಪ, ಮಲಮಗಳು ಬ್ಲಾಂಶ್ ಅವನ್ನೆಲ್ಲ ಹೊತ್ತು ತರಬೇಕಿತ್ತು. ರೈತ ಕಾಣದಿದ್ದರೇನು, ವರ್ಷದ ದುಡಿಮೆಯೇ ಅಲ್ಲಿ ನಿಂತಿದೆ ಅಲ್ವಾ?

ಬಣ್ಣದಡಬ್ಬಿ:
ಗೋಧಿ ಅಂತ ಗೊತ್ತೇ ಇರಲಿಲ್ಲ. ಆದ್ರೂ ದುಡಿಯುವ ಮನುಷ್ಯನನ್ನೇ ನೋಡಬೇಕು ಅಂದ್ರೆ?

ಸಂತೆದಾರಿ:
ಹಾಗಿದ್ರೆ ಮೊನೆ ಬಿಡಿ, ಅವನ ಕಾಲದ ಇನ್ನೊಬ್ಬ ಚಿತ್ರಕಾರ ಕಮೀಯ್ ಪಿಸಾರೊ ನೋಡಿ. ನನಗಂತೂ ಹಳ್ಳಿಯ ವಿಷಯದಲ್ಲಿ ಅವನೇ ಹೆಚ್ಚು. 1873ರ 'ಇಬ್ಬನಿ ಹೆಪ್ಪುಗಟ್ಟಿದ ಬೆಳಗು' ಅನ್ನೋ ಚಿತ್ರದಿಂದ ಶುರು ಮಾಡಿ, ಫ್ರಾನ್ಸ್‌ನ ಪೊಂತ್ವಾಜ್ ಊರಿನ ಹತ್ತಿರದ ಎನ್ನೆರಿ ಹಳ್ಳಿಯದು. ಬೆನ್ನ ಮೇಲೆ ಸೌದೆ ಹೊರೆ ಹೊತ್ತು ಒಬ್ಬ ಕೋಲೂರಿಕೊಂಡು ಹೋಗ್ತಿದ್ದಾನೆ. ಉತ್ತ ಸಾಲುಗಳಿಗೆ ಅಡ್ಡಡ್ಡ ಉದ್ದನೆಯ ನೆರಳು ಬಿದ್ದಿದೆ, ಆದ್ರೆ ಆ ನೆರಳು ಬೀಳಿಸಿದ ಮರಗಳು ಚಿತ್ರದಲ್ಲೇ ಇಲ್ಲ, ಚೌಕಟ್ಟಿನ ಹೊರಗೆ ಎಲ್ಲೋ ಇವೆ. 1874ರಲ್ಲಿ ಇಂಪ್ರೆಷನಿಸ್ಟ್‌ಗಳ (ಮೊನೆ, ಪಿಸಾರೊ ಇದ್ದ ಚಿತ್ರಕಾರರ ಗುಂಪು) ಮೊದಲ ಪ್ರದರ್ಶನದಲ್ಲಿ ಇದನ್ನು ನೋಡಿದ ವಿಮರ್ಶಕ ಲೂಯಿ ಲೆರ್ವಾ, ಕೊಳಕು ಬಟ್ಟೆಗೆ ಬಣ್ಣ ಕಲಸುವ ಪ್ಯಾಲೆಟ್ ಕೆರೆದು ಮೆತ್ತಿದ ಹಾಗಿದೆ ಅಂತ ಪತ್ರಿಕೆಯಲ್ಲಿ ಗೇಲಿ ಮಾಡಿದ್ದ. ಝೂಮ್ ಮಾಡಿ ಆ ಮಣ್ಣನ್ನು ನೋಡಿ, ಆಮೇಲೆ ಹೇಳಿ.