ಪದಚರ್ಚೆ: ಹೋಂಸ್ಟೇ ಚಾರ್ಟಿಗೆ ಸ್ಪ್ಯಾನಿಶ್ ಮಾತುಗಳು – 'ಹೋಲಾ' ಅಲ್ಲ, 'ಓಲ'

ಎಲ್ಲರಿಗೂ ನಮಸ್ಕಾರ,

ಗೋಕುಲಂನ ಹೋಂಸ್ಟೇ ಮೇಡಂ ಕೇಳಿದ್ದು ಸಣ್ಣ ವಿಷಯ. ಯೋಗ ಕಲಿಯೋಕೆ ಸ್ಪೇನ್, ಮೆಕ್ಸಿಕೊ, ಅರ್ಜೆಂಟೀನಾ ಕಡೆಯಿಂದ ಮೈಸೂರಿಗೆ ಬರುವವರ ಜೊತೆ ಅಡುಗೆಯವರು, ವಾಚ್‌ಮನ್ ಎಲ್ಲ ಅವರ ಭಾಷೆಯಲ್ಲೇ ಎರಡು ಮಾತಾಡಲಿ ಅಂತ ಕನ್ನಡ ಅಕ್ಷರದಲ್ಲಿ ಒಂದು ಚಾರ್ಟ್ ಬೇಕು. ನಾಳೆ ಪ್ರಿಂಟಿಗೆ ಕೊಡಬೇಕು. ಎರಡು ದಿನದಿಂದ ಇಲ್ಲಿ ಅರಬ್ಬರ ಚರಿತ್ರೆ ಬಂತು, ಕನ್ನಡದ ಅಳಿವು ಉಳಿವು ಬಂತು, ಚಾರ್ಟ್ ಮಾತ್ರ ಯಾರೂ ಬರೆದುಕೊಡಲಿಲ್ಲ.

> ಹೋಲಾ, ಬ್ಯೂನಸ್ ಡಯಾಸ್, ಬ್ಯೂನಸ್ ಟಾರ್ಡೆಸ್

ಇದನ್ನು ದಯವಿಟ್ಟು ಹಾಕಬೇಡಿ. ಇಂಗ್ಲಿಷ್ ಓದುವ ಹಾಗೆ ಸ್ಪ್ಯಾನಿಶ್ ಓದಿದ್ದೀರಿ. ನಮ್ಮ ಭೂಗೋಳ ಪುಸ್ತಕಕ್ಕೆ 'ಬ್ಯೂನಸ್ ಐರಿಸ್' ಬಂದದ್ದೂ ಇದೇ ದಾರಿಯಲ್ಲಿ. ಆ ಊರಿನವರು ಹೇಳೋದು 'ಬ್ವೇನೊಸ್ ಐರೆಸ್'. ಸ್ಪ್ಯಾನಿಶ್‌ನಲ್ಲಿ ಸ್ವರ ಐದೇ: ಅ, ಎ, ಇ, ಒ, ಉ. ಟ, ಡ ಇಲ್ಲ. ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವ ನಮ್ಮ ತ, ದ ಇದಾವೆ. ಪ, ತ, ಕ ಹೇಳುವಾಗ ಉಸಿರು ನುಗ್ಗೋದಿಲ್ಲ, ನಮ್ಮ ಅಲ್ಪಪ್ರಾಣದ ಹಾಗೇ. ಇಂಗ್ಲಿಷ್‌ನವರು ವರ್ಷಗಟ್ಟಲೆ ಒದ್ದಾಡುವ ಸದ್ದುಗಳು ನಮ್ಮ ಬಾಯಲ್ಲಿ ಆಗಲೇ ಇವೆ. ಅದನ್ನು ಬಿಟ್ಟು ಇಂಗ್ಲಿಷ್ ಮೂಲಕ ಸುತ್ತಿ ಬರೋದು ಯಾಕೆ?

ನಾನು ಬರೆಯೋದು ಹೀಗೆ. ಒತ್ತು ಬೀಳುವ ಸ್ವರ ದೀರ್ಘ, ಉಳಿದದ್ದು ಹ್ರಸ್ವ.

ಓಲ
ಬ್ವೇನೊಸ್ ದೀಯಸ್
ಬ್ವೇನಸ್ ತಾರ್ದೆಸ್
ಬ್ವೇನಸ್ ನೋಚೆಸ್
ಕೋಮೊ ಎಸ್ತಾ?
ಗ್ರಾಸ್ಯಸ್
ಆಸ್ತ ಲ್ವೇಗೊ

'ಓಲ' ಅಂದರೆ ನಮಸ್ಕಾರ. ಅದರಲ್ಲಿ ಎಚ್ ಅಕ್ಷರ ಬರೆಯುತ್ತಾರೆ, ಹೇಳೋದಿಲ್ಲ. ಅಲೆ ಅನ್ನೋ ಅರ್ಥದ ಇನ್ನೊಂದು 'ಓಲ'ಕ್ಕೆ ಎಚ್ ಇಲ್ಲ, ಆದರೆ ಕಿವಿಗೆ ಎರಡೂ ಒಂದೇ. 'ಓಲಾ' ಅಂತ ಯಾಕೆ ಬರೀಬಾರದು ಅಂತ ಒಬ್ಬರು ಕೇಳಿದ್ದಾರೆ. ಬರೆದರೆ ತಪ್ಪೇನಿಲ್ಲ, ಆದರೆ ನಮ್ಮವರು ಕೊನೆಯ 'ಲಾ' ಎಳೀತಾರೆ, ಒತ್ತು ಜಾಗ ತಪ್ಪುತ್ತದೆ. ಹಿಂದಿಯವರ ಹಾಗೆ ನಾವು ಕೊನೆಯ ಅಕಾರ ನುಂಗೋದಿಲ್ವಲ್ಲ, ಹಾಗಾಗಿ 'ಓಲ' ಸಾಕು. ಬಾಯಿ ಮಾತ್ರ ಸ್ವಲ್ಪ ಜಾಸ್ತಿ ತೆರೀಲಿ.

'ದೀಯಸ್'ನಲ್ಲಿ ಅವರಿಗೆ ಯ ಇಲ್ಲ, ಈ ಆದಮೇಲೆ ನೇರ ಅ. ಎರಡು ಸ್ವರ ಒಟ್ಟಿಗೆ ಬಂದರೆ ನಡುವೆ ಯ ಬರೋದು ನಮ್ಮ ಬಾಯಿಯ ಅಭ್ಯಾಸ. ಯಕಾರಾಗಮ ತಾನಾಗೇ ಆಗುತ್ತದೆ, ಆಗಲಿ. 'ದೀಅಸ್' ಅಂತ ಪದದ ನಡುವೆ ಸ್ವರಾಕ್ಷರ ಇಟ್ಟರೆ ಓದುವವರು ಅಲ್ಲೇ ನಿಂತುಬಿಡ್ತಾರೆ.

'ನೊಸ್', 'ನಸ್' ಅದಲುಬದಲು ಮಾಡಬೇಡಿ. ದಿನ ಅನ್ನೋ ಪದ ಅಲ್ಲಿ ಪುಲ್ಲಿಂಗ, ಮಧ್ಯಾಹ್ನ ರಾತ್ರಿ ಎರಡೂ ಸ್ತ್ರೀಲಿಂಗ.

ಮೇಡಂ, ನಿಮ್ಮ ಚಾರ್ಟಿನಲ್ಲಿ ಬೆಳಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಅಂತ ನಾಲ್ಕು ಮನೆ ಇವೆ. ಮೂರು ಮಾಡಿ. ಸಂಜೆಗೆ ಬೇರೆ ಮಾತಿಲ್ಲ, ಕತ್ತಲಾಗುವ ತನಕ 'ತಾರ್ದೆಸ್' ನಡೆಯುತ್ತದೆ. ಸ್ಪೇನಿನಲ್ಲಿ ಮಧ್ಯಾಹ್ನದ ಊಟವೇ 2 ಗಂಟೆ ಮೇಲೆ, ಊಟ ಆಗೋವರೆಗೂ ಎಷ್ಟೋ ಜನ 'ಬ್ವೇನೊಸ್ ದೀಯಸ್' ಅಂತಲೇ ಹೇಳ್ತಾರೆ. ಇನ್ನು 'ಬ್ವೇನಸ್ ನೋಚೆಸ್' ಎದುರು 'ಶುಭರಾತ್ರಿ' ಅಂತ ಅರ್ಥ ಹಾಕಿದ್ದೀರಿ. ಪೂರ್ತಿ ಸರಿಯಲ್ಲ. ಮಲಗೋಕೆ ಹೋಗುವಾಗಲೂ ಹೇಳ್ತಾರೆ, ರಾತ್ರಿ ಗೇಟಿನ ಹತ್ರ ಎದುರಾದಾಗಲೂ ಹೇಳ್ತಾರೆ. ನಿಮ್ಮ ವಾಚ್‌ಮನ್‌ಗೆ ಜಾಸ್ತಿ ಬೇಕಾಗೋದು ಎರಡನೇದೇ. ಹೊರಡುವಾಗ 'ಆಸ್ತ ಲ್ವೇಗೊ'. ಎದುರಿಗೆ 'ಬರ್ತೀನಿ' ಅಂತ ಅರ್ಥ ಹಾಕಿ, ಬಳಕೆ ಅದೇ.

'ಕೋಮೊ ಎಸ್ತಾ' ಅಂದರೆ ಹೇಗಿದ್ದೀರಿ. ಕೊನೆಗೊಂದು ಸ್ ಸೇರಿದರೆ 'ಹೇಗಿದ್ದೀಯ'. ಸ್ಪೇನಿನವರು ಬೇಗ ಏಕವಚನಕ್ಕೆ ಇಳೀತಾರೆ. ಕೊಲಂಬಿಯಾದ ಬೊಗೊತಾದಲ್ಲಿ ಮನೆಯವರು, ಗೆಳೆಯರ ನಡುವೆಯೂ ಬಹುವಚನ ಕೇಳಿಸುತ್ತದೆ. ಅತಿಥಿಗಳ ಹತ್ರ 'ಎಸ್ತಾ' ಇರಲಿ.

> ಗ್ರಾಥಿಯಾಸ್ ಶುದ್ಧ ರೂಪ, ಅದನ್ನೇ ಹಾಕಿ

'ಗ್ರಾಸ್ಯಸ್' (ಧನ್ಯವಾದ) ಅನ್ನುವಾಗ ಮ್ಯಾಡ್ರಿಡ್ ಕಡೆ ನಾಲಿಗೆಯನ್ನು ಹಲ್ಲಿನ ನಡುವೆ ಇಟ್ಟು ಹೇಳ್ತಾರೆ, ನಿಜ. ಆದರೆ ಆ ಸದ್ದು ನಮ್ಮ ಥ ಅಲ್ಲ, ಕನ್ನಡದಲ್ಲಿ ಅದಕ್ಕೆ ಅಕ್ಷರವೇ ಇಲ್ಲ. ಇಡೀ ಲ್ಯಾಟಿನ್ ಅಮೆರಿಕ, ಕ್ಯಾನರಿ ದ್ವೀಪಗಳು, ಆಂದಲೂಸಿಯಾದ ಬಹಳಷ್ಟು ಕಡೆ ಸ ಅಂತಲೇ ಹೇಳೋದು. ಅಷ್ಟು ಜನ ಅಶುದ್ಧರಾ?

> ಹಳಗನ್ನಡದ ಱ ವಾಪಸ್ ತರಲು ಇದೇ ಸಮಯ

ಸರ್, ಱ (ಗಡಸು ರ) ಬಗ್ಗೆ ನಿಮಗಿರುವ ಪ್ರೀತಿ ನನಗೂ ಇದೆ. ಸ್ಪ್ಯಾನಿಶ್‌ನಲ್ಲಿ 'ಪೇಱೊ' ಅಂದರೆ ನಾಯಿ, 'ಪೇರೊ' ಅಂದರೆ 'ಆದರೆ'. ಅಲ್ಲಿ ಆ ಅಕ್ಷರ ಕೆಲಸಕ್ಕೆ ಬರುತ್ತಿತ್ತು. ಮೇಲಿನ ಏಳು ಮಾತಿನಲ್ಲಿ ಆ ಸದ್ದು ಒಮ್ಮೆಯೂ ಬರೋದಿಲ್ಲ. ಅಡುಗೆಯವರಿಗೆ ಱ ಓದೋಕೂ ಬರೋದಿಲ್ಲ.

ಇನ್ನು 'ಓಲ' ಬಂದದ್ದು ಅರಬ್ಬಿಯ 'ವಲ್ಲಾಹ್' (ದೇವರಾಣೆ) ಅನ್ನೋದರಿಂದ ಅನ್ನೋ ಮಾತು ಮತ್ತೆ ಮತ್ತೆ ಬರ್ತಿದೆ. ಸ್ಪೇನಿನ ರಾಯಲ್ ಅಕಾಡೆಮಿಯ ನಿಘಂಟು ಅದನ್ನು ಉದ್ಗಾರದ ಸದ್ದಿನಿಂದ ಹುಟ್ಟಿದ ಪದ ಅನ್ನುತ್ತದೆ. ಅರಬ್ಬಿಯಿಂದ ನಿಜವಾಗಿ ಬಂದದ್ದು ಬೇಕಿದ್ದರೆ 'ಒಹಲಾ' ನೋಡಿ, ದೇವರ ಇಚ್ಛೆ ಇದ್ದರೆ ಅನ್ನೋದರಿಂದ ಬಂದದ್ದು. ಅವರ ಸಕ್ಕರೆಯ ಪದವೂ ಅರಬ್ಬಿ ದಾಟಿ ಹೋದದ್ದೇ, ಅದರ ಬೇರು ನಮ್ಮ ಸಕ್ಕರೆಗೂ ಮೂಲವಾದ ಶರ್ಕರಾ. ವಿದಾಯ ಹೇಳುವ 'ಅದ್ಯೋಸ್'ನಲ್ಲಿರುವ ದ್ಯೋಸ್ (ದೇವರು) ಮತ್ತು ನಮ್ಮ ದೇವ ದೂರದ ದಾಯಾದಿಗಳು, ಒಂದರಿಂದ ಇನ್ನೊಂದು ಬಂದದ್ದಲ್ಲ. ಇಷ್ಟು ಸಾಕು.

> ಬಂದವರು ನಮಸ್ಕಾರ ಕಲಿಯಲಿ, ನಾವೇಕೆ ಅವರ ಭಾಷೆ ಆಡಬೇಕು

ಅವರೂ ಕಲೀಲಿ, ಕಲಿಸಲೇಬೇಕು, ಚಾರ್ಟಿನ ಪಕ್ಕದಲ್ಲೇ ಅವರಿಗಾಗಿ ಇನ್ನೊಂದು ಹಾಕಬಹುದು. ಆದರೆ ಇಲ್ಲಿ ಯಾರೂ ಕನ್ನಡಕ್ಕೆ ಪದ ಸಾಲ ತರ್ತಿಲ್ಲ. ಮನೆಗೆ ಬಂದವರನ್ನು ಅವರ ಮಾತಲ್ಲಿ ಮಾತಾಡಿಸೋದು ಸಾಲ ಅಲ್ಲ. ಸಾಲದ ಲೆಕ್ಕವೇ ಬೇಕು ಅಂದರೆ ಪೋರ್ಚುಗೀಸರಿಂದ ಬಂದ ಚಾವಿ ನಿಮ್ಮ ಮನೆಯಲ್ಲೇ ಇದೆ. 'ನಮಸ್ಕಾರ'ವೂ ಸಂಸ್ಕೃತದಿಂದ ಬಂದದ್ದೇ. ಅದರಿಂದ ಕನ್ನಡಕ್ಕೆ ಏನೂ ಕಮ್ಮಿ ಆಗಿಲ್ಲ.

ಮೇಡಂ, ಪ್ರಿಂಟಿಗೆ ಕೊಡೋ ಮುಂಚೆ ಚಾರ್ಟಿನ ಫೋಟೋ ಇಲ್ಲಿ ಹಾಕಿ. ಒತ್ತಕ್ಷರ ಒಡೆದಿದೆಯಾ ನೋಡಬೇಕು. ಕೆಲವು ಫಾಂಟುಗಳಲ್ಲಿ 'ಬ್ವೇ' ಸರಿ ಕೂರೋದಿಲ್ಲ.