ಸಕ್ಯುಲೆಂಟ್‌ಗೆ ದಿನಕ್ಕೆ ಎಷ್ಟು ಗಂಟೆ ಬಿಸಿಲು ಬೇಕು? ಸಾಕಿದವರು ಹೇಳಿ

ಬಿಜೈ ನಾಲ್ಕನೇ ಮಹಡಿ: ಏಪ್ರಿಲ್‌ನಲ್ಲಿ ಎರಡು ಎಚೆವೇರಿಯಾ, ಒಂದು ಜೇಡ್ ತಂದೆ, ಎಲ್ಲ ದಪ್ಪ ಎಲೆಯಲ್ಲಿ ನೀರು ಕೂಡಿಡುವ ಸಕ್ಯುಲೆಂಟ್ ಗಿಡಗಳೇ. ಹಾಲ್‌ನ ದಕ್ಷಿಣದ ಕಿಟಕಿಯಲ್ಲಿಟ್ಟಿದ್ದೇನೆ. ಎಚೆವೇರಿಯಾ ತರುವಾಗ ಗುಲಾಬಿಯ ಹಾಗೆ ಚಂದ ಕೂತಿತ್ತು, ಈಗ ಜುಲೈಗೆ ಎಲೆಗಳೆಲ್ಲ ದೂರ ದೂರ ಆಗಿ ಕಾಂಡ ನುಗ್ಗೆಕೋಡಿನ ಹಾಗೆ ಉದ್ದ ಹೋಗಿದೆ. ಬಾಡಿಗೆ ಮನೆ, ಬಾಲ್ಕನಿ ಇಲ್ಲ, ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಎಷ್ಟು ಬಿಸಿಲು ಬೇಕು?

ಸುರತ್ಕಲ್ ಟೆರೇಸ್: ಬಿಸಿಲು ಬಿಸಿಲು ಅಂತ ಹೇಳಿದವರ ಮಾತು ಕೇಳಿ ನಾನು ಹಾಳಾದೆ. ಹೋದ ವರ್ಷ ಮಾರ್ಚ್‌ನಲ್ಲಿ 23 ಎಚೆವೇರಿಯಾ ತರಿಸಿದೆ, ಒಂದಕ್ಕೆ 150, ಒಟ್ಟು 3,450. ಕೊರಿಯರ್ 280 ಬೇರೆ. ಆರು ಗಂಟೆ ನೇರ ಬಿಸಿಲು ಬೇಕು ಅಂತ ಓದಿದ್ದೆ, ಬಾಕ್ಸ್ ಬಿಚ್ಚಿದ ದಿನವೇ ಟೆರೇಸಿಗೆ ಇಟ್ಟೆ. ಮೂರನೇ ದಿನ ಎಲೆ ಮೇಲೆ ಬಿಳಿ ಕಲೆ, ವಾರದೊಳಗೆ ಕಂದು. ಆ ಕಲೆ ಮತ್ತೆ ಹೋಗುವುದೇ ಇಲ್ಲ, ಎಲೆ ಉದುರುವವರೆಗೆ ನಮ್ಮನ್ನು ನೋಡಿ ಅಣಕಿಸುತ್ತದೆ. ನರ್ಸರಿಯಲ್ಲಿ ನೆರಳಿನ ನೆಟ್ ಕೆಳಗೆ ಬೆಳೆದ ಗಿಡ ಅದು, ಬೆಳಗಿನ ಒಂದು ಗಂಟೆಯಿಂದ ಶುರುಮಾಡಿ ಎರಡು ಮೂರು ವಾರದಲ್ಲಿ ಮೆಲ್ಲ ಏರಿಸಬೇಕಿತ್ತು ಅಂತ ಆಮೇಲೆ ಗೊತ್ತಾಯಿತು. ಮತ್ತೆ ಅರ್ಧ ಬಿಸಿಲು ತಡೆಯುವ 50 ಪರ್ಸೆಂಟ್ ಹಸಿರು ನೆಟ್ 1,800, ಪೈಪ್ 2,100, ವೆಲ್ಡರಿಗೆ 900. ಅವ ಎರಡು ಸಲ ಬರುತ್ತೇನೆಂದು ಹೇಳಿ ಬರಲಿಲ್ಲ, ನಾನು ಎರಡು ದಿನ ರಜೆ ಹಾಕಿ ಕಾದದ್ದು ಲೆಕ್ಕಕ್ಕಿಲ್ಲ. ಜೂನ್‌ನ ಮೊದಲ ಗಾಳಿಗೇ ನೆಟ್ ಹಾರಿ ಪಕ್ಕದವರ ತೆಂಗಿನಮರಕ್ಕೆ ಸಿಕ್ಕಿಕೊಂಡಿತು. ಉಳಿದದ್ದರಲ್ಲಿ 9 ಗಿಡ ಮಳೆಗೆ ಕೊಳೆಯಿತು. ಈಗ ಇರುವುದು 2.

ಮಣಿಪಾಲ ಹಾವರ್ಥಿಯಾ: ನೀವು ಗಿಡ ಸಾಕಿದ್ದಲ್ಲ ಬಿಡಿ, ಸಂಡಿಗೆ ಒಣಗಿಸಿದ್ದು. ನನ್ನ ಹಾವರ್ಥಿಯಾಕ್ಕೆ, ಅದೂ ಸಕ್ಯುಲೆಂಟೇ, ಈಗ 7 ವರ್ಷ. ಪೂರ್ವದ ಕಿಟಕಿ, ಬೆಳಗ್ಗೆ ಒಂದೂವರೆ ಗಂಟೆ ಬಿಸಿಲು, ಆಮೇಲೆ ಬರೀ ಬೆಳಕು. ದಕ್ಷಿಣ ಆಫ್ರಿಕಾದಲ್ಲಿ ಅದು ಪೊದೆ, ಬಂಡೆಗಳ ನೆರಳಿನಲ್ಲೇ ಬೆಳೆಯುವುದು. ಇಷ್ಟರವರೆಗೆ 14 ಮರಿ ಕಿತ್ತು ಹಂಚಿದ್ದೇನೆ. ಒಂದನ್ನು ನಾದಿನಿ ತೆಗೆದುಕೊಂಡು ಹೋಗಿ ಬಾತ್‌ರೂಮಿನಲ್ಲಿಟ್ಟು ಕೊಂದಳು, ಕೇಳಿದರೆ "ಒಳಗೆ ಆಗುತ್ತದೆ ಅಂತ ನೀವೇ ಹೇಳಿದ್ದಲ್ವಾ" ಅಂತ ನನಗೇ ತಿರುಗಿಸಿದಳು. ಒಳಗೆ ಅಂದರೆ ಕತ್ತಲೆಯಲ್ಲಿ ಅಂತಲ್ಲ!

ಸುರತ್ಕಲ್ ಟೆರೇಸ್: ಸಂಡಿಗೆ ಅಂತ ನಗುವವರು ಒಂದು ಎಚೆವೇರಿಯಾ ಸಾಕಿ ತೋರಿಸಿ. ಹಾವರ್ಥಿಯಾ ಯಾರ ಮನೆಯಲ್ಲೂ ಬದುಕುತ್ತದೆ.

ಮಣಿಪಾಲ ಹಾವರ್ಥಿಯಾ: ನಿಮ್ಮ ಮನೆಯಲ್ಲಿ ಡೌಟು.

ಕಂಕನಾಡಿ ದಕ್ಷಿಣದ ಕಿಟಕಿ: ಜಗಳ ಸಾಕು. ದಕ್ಷಿಣದ ಕಿಟಕಿ ಅಂತ ಓದಿದ ಕೂಡಲೇ ನನಗೆ ಹೊಟ್ಟೆ ಉರಿಯಿತು. ಹೊರದೇಶದ ವಿಡಿಯೋಗಳಲ್ಲಿ ಎಲ್ಲರೂ ಒಂದೇ ಮಂತ್ರ, ದಕ್ಷಿಣದ ಕಿಟಕಿ ಬೆಸ್ಟ್ ಅಂತ. ನಂಬಿ 6,200 ಕೊಟ್ಟು ಮೂರು ತಟ್ಟೆಯ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದೆ, ಲಿಫ್ಟಿಗೆ ಹಿಡಿಸದೆ ಹೊತ್ತು ತಂದದ್ದಕ್ಕೆ ಮತ್ತೆ 400. ಮಾಡಿಸಿದ್ದು ಜನವರಿಯಲ್ಲಿ, ಆಗ ಬಿಸಿಲು ಸೋಫಾದವರೆಗೆ ಬರುತ್ತಿತ್ತು. ಮೇ ತಿಂಗಳಿಗೆ ಪೂರಾ ಮಾಯ. ಅವರ ಊರಲ್ಲಿ ಸೂರ್ಯ ಮಧ್ಯಾಹ್ನ ಯಾವತ್ತೂ ದಕ್ಷಿಣಕ್ಕೇ ವಾಲಿರುತ್ತಾನೆ. ನಾವಿರುವುದು ಮಂಗಳೂರಿನಲ್ಲಿ, 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸು ನಮ್ಮ ನೆತ್ತಿ ಮೇಲೆ ಬರುತ್ತಾನೆ, ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ಇಡೀ ದಿನ ಉತ್ತರದ ಕಡೆಯೇ. ಆಗ ದಕ್ಷಿಣದ ಕಿಟಕಿಗೆ ನೇರ ಬಿಸಿಲು ಒಂದು ನಿಮಿಷವೂ ಇಲ್ಲ. ಬಿಸಿಲು ಬೀಳುತ್ತಿದ್ದದ್ದು ನನ್ನ ಅಡುಗೆಮನೆಯ ಉತ್ತರದ ಕಿಟಕಿಗೆ, ಅಲ್ಲಿಟ್ಟದ್ದು ಪಾತ್ರೆ ತೊಳೆಯುವ ಸಾಬೂನು.

ಸಂತೆಕಟ್ಟೆ ಟ್ಯೂಬ್‌ಲೈಟ್: ದಿಕ್ಕಿನ ಪಾಠ ಯಾಕೆ, ಜೂನ್‌ನಿಂದ ಸೆಪ್ಟೆಂಬರ್ ಉಡುಪಿಯಲ್ಲಿ ಸೂರ್ಯ ಕಾಣುವುದೇ ಹಬ್ಬಕ್ಕೊಮ್ಮೆ. ನಾನು 20 ವ್ಯಾಟಿನ ಬಿಳಿ ಎಲ್‌ಇಡಿ ಟ್ಯೂಬ್ ಎರಡು ಹಾಕಿದ್ದೇನೆ. ಗಿಡದಿಂದ ಒಂದು ಅಡಿ ಮೇಲೆ, 12 ಗಂಟೆ. ಟ್ಯೂಬ್ 520, ಟೈಮರ್ 450, ಕರೆಂಟು ತಿಂಗಳಿಗೆ 14 ಯೂನಿಟ್ ಚಿಲ್ಲರೆ. ಅದಕ್ಕೆ ಮುಂಚೆ 1,900 ಸುರಿದು ಗಿಡಕ್ಕೆಂದೇ ಮಾರುವ ನೇರಳೆ ಬಣ್ಣದ ಲೈಟ್ ತಂದಿದ್ದೆ, "ಇದೆಂತ ಬಾರ್‌ನ ಹಾಗೆ" ಅಂತ ಅಮ್ಮ ಅದರ ಮೇಲೆ ಟವೆಲ್ ಹಾಕಿದರು. ಟವೆಲ್ ಸುಟ್ಟಿತು. ರಾತ್ರಿ ಆರಿಸಲೇಬೇಕು, ಈ ಗಿಡಗಳು ಎಲೆಯ ರಂಧ್ರ ತೆರೆದು ಗಾಳಿ ಎಳೆದುಕೊಳ್ಳುವುದೇ ರಾತ್ರಿ. ಗೊತ್ತಿಲ್ಲದೆ ನಾನು ಒಂದು ತಿಂಗಳು 24 ಗಂಟೆ ಉರಿಸಿದೆ.

ಕಾಪು ಅಂಗಳ: ಎಂತ ಟ್ಯೂಬು ಮಾರಾಯ್ರೆ. ನಮ್ಮದು ಹಂಚಿನ ಮನೆ, ಚಾವಡಿಯಲ್ಲಿ ಎರಡು ಗಾಜಿನ ಹಂಚು ಉಂಟು, ಅದರ ಕೆಳಗೆ ಚಟ್ಟಿ ಇಡುವುದು, ಬೆಳಕು ಜರುಗಿದ ಹಾಗೆ ಚಟ್ಟಿಯನ್ನೂ ಜರುಗಿಸುವುದು. ಮಣ್ಣಿಗೆ ಹಂಚಿನ ಚೂರು, ಮುರಕಲ್ಲಿನ ಪುಡಿ. ಖರ್ಚು ಸೊನ್ನೆ. ಮತ್ತೆ ಕೇಳಿದವರೇ, ನಿಮ್ಮ ಜೇಡ್ ಜೇಡ್ ಅಲ್ಲ. ಕಾಂಡ ಕೆಂಪು, ಎಲೆ ಕಿರುಬೆರಳಿನ ಉಗುರಿನಷ್ಟು ಇದ್ದರೆ ಅದು ಪೋರ್ಚುಲಕೇರಿಯಾ ಎಂಬ ಬೇರೆಯೇ ಗಿಡ. ಇಲ್ಲಿ ನರ್ಸರಿಯವರು ಅದನ್ನೇ ಜೇಡ್ ಅಂತ ಮಾರುವುದು.

ಮಣಿಪಾಲ ಹಾವರ್ಥಿಯಾ: ಫೋಟೋನೇ ಇಲ್ಲ, ಹೇಗೆ ಹೇಳುತ್ತೀರಿ?

ಕಾಪು ಅಂಗಳ: ಹತ್ತರಲ್ಲಿ ಒಂಬತ್ತು ಅದೇ. ನಿಜವಾದ ಜೇಡ್ ಕ್ರಾಸುಲಾ, ಎಲೆ ದೊಡ್ಡದು, ದಪ್ಪ.

ಮಣಿಪಾಲ ಹಾವರ್ಥಿಯಾ: ಗಾಜಿನ ಹಂಚಿನಡಿ ದಿನಕ್ಕೆ ನಾಲ್ಕು ಸಲ ಚಟ್ಟಿ ಜರುಗಿಸಲಿಕ್ಕೆ ನಿಮ್ಮ ಹಾಗೆ ಎಲ್ಲರಿಗೂ ಪುರುಸೊತ್ತು ಇರುವುದಿಲ್ಲ ಅಣ್ಣಾ.

ಕಾಪು ಅಂಗಳ: ಪುರುಸೊತ್ತು ಇಲ್ಲದವರು ಪ್ಲಾಸ್ಟಿಕ್ ಗಿಡ ಇಟ್ಟುಕೊಳ್ಳಿ.

ಬಿಜೈ ನಾಲ್ಕನೇ ಮಹಡಿ: ಎಲೆ ಉಗುರಿನಷ್ಟೇ ಉಂಟು, ಕಾಂಡ ಕೆಂಪೇ. ಹೋಗಲಿ, ಉದ್ದ ಹೋದ ಎಚೆವೇರಿಯಾಕ್ಕೆ ಎಂತ ಮಾಡುವುದು?

ಕಂಕನಾಡಿ ದಕ್ಷಿಣದ ಕಿಟಕಿ: ಉದ್ದ ಹೋದ ಕಾಂಡ ಬಿಸಿಲಿಗಿಟ್ಟರೂ ಗಿಡ್ಡ ಆಗುವುದಿಲ್ಲ. ತಲೆ ಕತ್ತರಿಸಿ, ನಾಲ್ಕೈದು ದಿನ ನೆರಳಲ್ಲಿ ಗಾಯ ಒಣಗಿಸಿ, ಮತ್ತೆ ನೆಡಿ. ಆದರೆ ಈ ಮಳೆಯಲ್ಲಿ ಬೇಡ. ನಾನು ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್‌ನ ಮಳೆಗೆ) ಕತ್ತರಿಸಿ 6ರಲ್ಲಿ 5 ಕಳೆದುಕೊಂಡೆ, ಗಾಯ ಒಣಗುವ ಬದಲು ಬೂಸ್ಟು ಹಿಡಿಯಿತು. ನವೆಂಬರ್‌ವರೆಗೆ ಕಾಯಿರಿ, ಆಗ ನಿಮ್ಮ ಕಿಟಕಿಗೂ ಬಿಸಿಲು ಬಂದಿರುತ್ತದೆ. ಅಲ್ಲಿವರೆಗೆ ನೀರು ಕಮ್ಮಿ ಮಾಡಿ.

ಸಂತೆಕಟ್ಟೆ ಟ್ಯೂಬ್‌ಲೈಟ್: ಅಥವಾ ಟೇಬಲ್ ಮೇಲೆ ಟ್ಯೂಬ್. ಮೊಳೆ ಬೇಡ.

ಕಂಕನಾಡಿ ದಕ್ಷಿಣದ ಕಿಟಕಿ: ಟವೆಲ್ ದೂರ ಇಡಿ. ಅಂದ ಹಾಗೆ ಸುರತ್ಕಲ್‌ನವರೇ, ನೆಟ್ ಸಿಕ್ಕಿತಾ?

ಸುರತ್ಕಲ್ ಟೆರೇಸ್: ಕಾಯಿ ಕೀಳುವವ ಬಂದಾಗ ಇಳಿಸಿದರಂತೆ. ಪಕ್ಕದವರು ಅದಕ್ಕೆ ಬಸಳೆ ಹಬ್ಬಿಸಿದ್ದಾರೆ. ನಿನ್ನೆ ಒಂದು ಕಟ್ಟು ಕಳಿಸಿದರು.