ಬಳ್ಳಾರಿಯ ಹಳೆಯ ಕೈಪಿಡಿ ಹುಡುಕಲು ಕನ್ನೆಮರಾ ಗ್ರಂಥಾಲಯಕ್ಕೆ ಹೋಗಬಹುದೇ?

ಕೌಲ್‌ಬಜಾರ್ ಓದುಗ, ಬಳ್ಳಾರಿ:
ಜಾನ್ ಕೆಲ್ಸಾಲ್ 1872ರಲ್ಲಿ ಸಿದ್ಧಪಡಿಸಿದ ಬಳ್ಳಾರಿ ಜಿಲ್ಲಾ ಕೈಪಿಡಿಯ ಮೂಲ ಮುದ್ರಣವನ್ನು ಕಣ್ಣಾರೆ ನೋಡುವ ಆಸೆಯಿಂದ ಚೆನ್ನೈಗೆ ಹೊರಟಿದ್ದೇನೆ. ಎಗ್ಮೋರಿನ ಕನ್ನೆಮರಾ ಗ್ರಂಥಾಲಯದಲ್ಲಿ ವಿಚಾರಿಸುವಂತೆ ಹಿರಿಯರೊಬ್ಬರು ಸೂಚಿಸಿದರು. ಅದು ಹುಟ್ಟಿದ ಬಗೆಯನ್ನೂ ಅದರ ಕಟ್ಟಡಕ್ಕೆ ಅಷ್ಟು ಹೆಸರು ಬಂದ ಕಾರಣವನ್ನೂ ಬಲ್ಲವರು ದಯವಿಟ್ಟು ತಿಳಿಸಬೇಕು.

ಸಂಡೂರಿನವ:
ಹಿರಿಯರು ಸರಿಯಾದ ದಾರಿಯನ್ನೇ ತೋರಿಸಿದ್ದಾರೆ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಬಳ್ಳಾರಿ ಜಿಲ್ಲೆಯ ಆಡಳಿತವು ಮದ್ರಾಸಿಗೆ ಒಳಪಟ್ಟಿದ್ದುದರಿಂದ ಹುಡುಕಾಟವನ್ನು ಅಲ್ಲಿಂದ ಆರಂಭಿಸುವುದೇ ಸೂಕ್ತ. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳಿಗೆ ತರಬೇತಿ ನೀಡುತ್ತಿದ್ದ ಇಂಗ್ಲೆಂಡಿನ ಹೈಲಿಬರಿ ಕಾಲೇಜು ಮುಚ್ಚಿದ ಮೇಲೆ, ಅಲ್ಲಿನ ಹೆಚ್ಚುವರಿ ಪುಸ್ತಕಗಳು ಮದ್ರಾಸಿಗೆ ಬಂದು, 1860ರ ದಶಕದ ಆರಂಭದಲ್ಲಿ ಅಲ್ಲಿನ ವಸ್ತುಸಂಗ್ರಹಾಲಯದ ಆಶ್ರಯದಲ್ಲಿ ಗ್ರಂಥಾಲಯವೊಂದು ರೂಪುಗೊಂಡಿತು. ಅದಕ್ಕೆ ಸ್ವಂತ ಕಟ್ಟಡ ಬೇಕೆಂದು ಗವರ್ನರ್ ಲಾರ್ಡ್ ಕನ್ನೆಮರಾ 1890ರಲ್ಲಿ ಅಡಿಗಲ್ಲಿಟ್ಟರು. ಅದೇ ವರ್ಷ ಅವರು ಹುದ್ದೆ ಬಿಟ್ಟು ಹೋದರೂ, 1896ರ ಡಿಸೆಂಬರ್ 5ರಂದು ತೆರೆದ ಗ್ರಂಥಾಲಯಕ್ಕೆ ಅವರ ಹೆಸರೇ ಉಳಿಯಿತು. 1954ರ ಕಾಯ್ದೆಯಂತೆ ದೇಶದಲ್ಲಿ ಪ್ರಕಟವಾಗುವ ಪ್ರತಿ ಪುಸ್ತಕದ ಒಂದು ಪ್ರತಿ ಸಲ್ಲಬೇಕಾದ ನಾಲ್ಕು ಗ್ರಂಥಾಲಯಗಳಲ್ಲಿ ಇದೂ ಒಂದು. ನಮ್ಮ ಕನ್ನಡ ಪುಸ್ತಕಗಳಿಗೂ ಈ ನಿಯಮ ಅನ್ವಯಿಸುತ್ತದೆಂಬುದು ಅನೇಕ ಪ್ರಕಾಶಕರಿಗೇ ನೆನಪಿರುವುದಿಲ್ಲ.

ಹಗರಿ ದಂಡೆ:
ಕಟ್ಟಡದ ಕುರಿತು ಎರಡು ಮಾತು. ಇದರ ವಿನ್ಯಾಸ ಹೆನ್ರಿ ಇರ್ವಿನ್ ಅವರದು. ಮೈಸೂರಿನ ಅಂಬಾವಿಲಾಸ ಅರಮನೆಯನ್ನು ರೂಪಿಸಿದವರೂ ಅವರೇ. ಅರಮನೆಯ ಕಲ್ಯಾಣಮಂಟಪದಲ್ಲಿ ತಲೆಯೆತ್ತಿ ಬಣ್ಣದ ಗಾಜನ್ನು ನೋಡಿದವರಿಗೆ ಇಲ್ಲಿನ ಹಳೆಯ ಸಭಾಂಗಣವೂ ಪರಿಚಿತವೆನಿಸೀತು: ಎತ್ತರದ ಕಮಾನು ಚಾವಣಿ, ಬಣ್ಣದ ಗಾಜು, ಗಾರೆಯಲ್ಲಿ ಮೂಡಿಸಿದ ಬಳ್ಳಿ ಎಲೆಗಳು, ಸಾಗುವಾನಿ ಮರದ ಕೆತ್ತನೆ. ಆದರೆ ಅರಮನೆಯಲ್ಲಿ ವೈಭವಕ್ಕಾಗಿಯೇ ಇರುವ ಎತ್ತರ, ಇಲ್ಲಿ ಸಾಲು ಸಾಲು ಕಪಾಟುಗಳಿಗೂ ಓದುಗರಿಗೂ ಬೇಕಾದ ಗಾಳಿ ಬೆಳಕಿಗೆ ಒದಗಿಬರುತ್ತದೆ. ನನ್ನ ಮಟ್ಟಿಗೆ ಇದೇ ಅವರ ಉತ್ತಮ ಕೆಲಸ. ಓದುಗರ ದಿನನಿತ್ಯದ ಓಡಾಟ ಈಗ ಹೆಚ್ಚಾಗಿ ಹೊಸ ಕಟ್ಟಡದಲ್ಲಿರುವುದರಿಂದ, ಹಳೆಯ ಸಭಾಂಗಣವನ್ನು ನೋಡಬೇಕೆಂದು ಸಿಬ್ಬಂದಿಯಲ್ಲಿ ಪ್ರತ್ಯೇಕವಾಗಿ ಕೇಳಿಕೊಳ್ಳಿ.

ಮಾವಿನಕೆರೆ, ರಾಯಚೂರು:
ಒಂದು ಸೇರ್ಪಡೆ. ರಾಯಚೂರು, ಕೊಪ್ಪಳದವರು ಇದನ್ನೋದಿ ಮದ್ರಾಸಿಗೆ ಹೊರಡುವುದು ಬೇಡ. ನಾವು ನಿಜಾಮರ ಸೀಮೆಯವರು. ಕೊಪ್ಪಳವಂತೂ ಸಾಲಾರ್ ಜಂಗ್ ಮನೆತನದ ಜಾಗೀರಾಗಿತ್ತು. ನಮ್ಮ ಭಾಗದ ಹಳೆಯ ಉರ್ದು, ಪಾರ್ಸಿ ಪುಸ್ತಕಗಳನ್ನು ಹುಡುಕುವವರು ಹೈದರಾಬಾದಿನಲ್ಲಿ 1891ರಲ್ಲಿ ಆರಂಭವಾದ ಆಸಫಿಯಾ ಗ್ರಂಥಾಲಯದಿಂದ ತೊಡಗಬೇಕು. ಮೂಸಿ ನದಿಯ ದಂಡೆಯಲ್ಲಿ, ಅಫ್ಜಲ್‌ಗಂಜಿನಲ್ಲಿರುವ ಅದರ ಈಗಿನ ಕಟ್ಟಡಕ್ಕೆ ಅದು 1936ರಲ್ಲಿ ಬಂದಿತು.